ಇಳಕಲ್ಲಿಗೆ ಹೋದ ದಿನ ತ್ರಯೋದಶಿ

ಏಕೀಕರಣವಾದ ಮರುವರ್ಷ, ನವೆಂಬರಿನ ಒಂದು ಶನಿವಾರ, ಬಾಗಲಕೋಟೆಯಲ್ಲಿ ಬೆಳಗಿನ ಗಾಡಿ ಹತ್ತಿದೆ. ಬಗಲಲ್ಲಿ ಕೈಬರಹದ ಕಟ್ಟು. ಬೌದ್ಧರ ಪಾಳಿ ಭಾಷೆಯ ವ್ಯಾಕರಣದ ಪಾರಿಭಾಷಿಕ ಪದಗಳು ಎಲ್ಲಿಂದ ಹುಟ್ಟಿದವು ಎಂದು ಕನ್ನಡದಲ್ಲಿ ಬರೆದದ್ದು. ಹುಬ್ಬಳ್ಳಿಯ ಅಚ್ಚುಕೂಟದವರು ಅವಸರ ಮಾಡುತ್ತಿದ್ದರು. ಆದರೆ ಇಳಕಲ್ಲಿನ ನಮ್ಮ ಆಚಾರ್ಯರ ಶಿಷ್ಯರಲ್ಲಿ ಒಂದು ರೂಢಿಯಿತ್ತು: ಬರೆದದ್ದನ್ನು ಒಮ್ಮೆ ಅವರ ಮುಂದೆ ಕೂತು ಓದಿಯೇ ಅಚ್ಚಿಗೆ ಕೊಡಬೇಕು. ತೊಡಕು ಇದ್ದದ್ದೇ ಅಲ್ಲಿ. ಹಿಂದೆ ನಾನು ಸಂಸ್ಕೃತ ಬಿಟ್ಟು ಪಾಳಿ ಹಿಡಿದಾಗ ಅವರು, "ಅದಕ್ಕ ವ್ಯಾಕರಣ ಎಲ್ಲಿ ಅದ? ಮುರುಕು ಸಂಸ್ಕೃತ ಅದು" ಎಂದು ಎಲ್ಲರೆದುರು ಅಂದುಬಿಟ್ಟಿದ್ದರು. ಅಂದಿನಿಂದ ಅವರ ಹೊಸ್ತಿಲು ತುಳಿದಿರಲಿಲ್ಲ.

ಬಾದಾಮಿಯಲ್ಲಿ ಇಳಿದು ಸಹಪಾಠಿ ವೆಂಕಣ್ಣನ ಮನೆಗೆ ಹೋದೆ. ಅವನೂ ಜೊತೆಗೆ ಬಂದರೆ ಆಚಾರ್ಯರು ಸ್ವಲ್ಪ ಮೆತ್ತಗಾದಾರು ಎಂಬ ಆಸೆ. ಮಧ್ಯಾಹ್ನದ ಬಿಸಿಲು ಗುಡ್ಡಕ್ಕೆ ಬಡಿದು ಓಣಿಗೆಲ್ಲ ಝಳ ಹೊಡೆಯುತ್ತಿತ್ತು. ಅವನ ಹೆಂಡತಿ ಭಕ್ಕರಿ, ಝುಣಕ, ಮಜ್ಜಿಗೆ ಬಡಿಸಿದರು. ಊಟವಾದ ಮೇಲೆ ಅವನು ಕಟ್ಟು ಬಿಚ್ಚಿ ನೋಡಿದ.

"ಇದೇನಲೇ, ಏಳನೇ ವಿಭಕ್ತಿಗೆ 'ಭುಮ್ಮ'?"

"ಭೂಮಿಯಿಂದ ಬಂದದ್ದು. ಯಾವುದರ ಮ್ಯಾಲೆ ನಿಂತೀವೋ ಆ ನೆಲ. ಐದನೇದು 'ನಿಸ್ಸಕ್ಕ', ಅಂದ್ರ ಹೊರಬೀಳೋದು. ಆರನೇದು 'ಸಾಮಿ', ನಮ್ಮ ಸ್ವಾಮಿನೇ, ಒಡೆಯ."

"ಭಾಳ ಛಲೋ ಅದಲೇ! ಆದ್ರ ನಾ ಬರಂಗಿಲ್ಲಪಾ. ನಿನ್ನ ಜೋಡಿ ನನ್ನೂ ಹೊರಗ ಹಾಕ್ಯಾರು."

ಪುಕ್ಕಲ! ಹುಡುಗನಾಗಿದ್ದಾಗಲೂ ಹೀಗೇ ಇದ್ದ.

ಮರುದಿನ ಒಬ್ಬನೇ ಬಸ್ಸು ಹತ್ತಿದೆ. ಧೂಳು ಕುಡಿಯುತ್ತ ಅಮೀನಗಡ ಮುಟ್ಟಿ, ಆಚಾರ್ಯರ ಹೆಂಡತಿಗೆಂದು ಕರದಂಟು ಕೊಂಡೆ. ಅವರನ್ನು ನಾವೆಲ್ಲ ಕಾಕು ಅನ್ನುತ್ತಿದ್ದೆವು. ಹುನಗುಂದದಲ್ಲಿ ಗಾಲಿ ಪಂಕ್ಚರ್ ಆಯಿತು. ಬೇವಿನ ನೆರಳಲ್ಲಿ ಪಕ್ಕಕ್ಕೆ ಕೂತ ಸೀರೆ ವ್ಯಾಪಾರಿ ನನ್ನ ಕಟ್ಟು ನೋಡಿ, "ಕೋರ್ಟಿನ ಕಾಗದ ಏನ್ರಿ?" ಎಂದ.

"ಹೌದ್ರಿ. ಇವತ್ತ ತೀರ್ಪು ಅದ" ಎಂದೆ. ಪೂರಾ ಸುಳ್ಳೇನಲ್ಲ ಅನ್ನಿ.

ಇಳಕಲ್ಲಿನ ಓಣಿಯಲ್ಲಿ ಮಗ್ಗಗಳ ಸದ್ದು. ಆಚಾರ್ಯರು ಪಡಸಾಲೆಯಲ್ಲಿ ಕೂತಿದ್ದರು, ಬಹಳ ಸೊರಗಿದ್ದರು. ನಮಸ್ಕಾರ ಮಾಡಿದೆ. "ಯಾವಾಗ ಬಂದಿ?" ಎಂದರು, ಅಷ್ಟೇ. ಕಾಕು ಮಾತ್ರ ಕರದಂಟು ನೋಡಿ ನಕ್ಕು ಊಟಕ್ಕೆ ಹಾಕಿದರು. ಕೈ ತೊಳೆದು ಬಂದು ಕಟ್ಟು ಬಿಚ್ಚಿದೆ.

"ಕಟ್ಟಿಡು" ಅಂದರು ಆಚಾರ್ಯರು. "ಇವತ್ತ ತ್ರಯೋದಶಿ."

ವ್ಯಾಕರಣದ ಮೂಲಪುರುಷರು ತೀರಿಕೊಂಡದ್ದು ಆ ತಿಥಿಯಂದು ಎಂಬ ನಂಬಿಕೆ. ಪಂಡಿತರ ಮನೆಯಲ್ಲಿ ಅಂದು ಬೇರೇನಾದರೂ ಓದಿಯಾರು, ವ್ಯಾಕರಣ ಮಾತ್ರ ಮುಟ್ಟುವುದಿಲ್ಲ. ಇಂಗ್ಲಿಷ್ ತಾರೀಖು ನೋಡಿ ರಜೆ ಹಾಕಿದ ಮಾಸ್ತರ ನಾನು, ಪಂಚಾಂಗ ತೆರೆದಿರಲಿಲ್ಲ! ಮುಂದೆ ಚತುರ್ದಶಿ, ಅಮಾವಾಸ್ಯೆ, ಪಾಡ್ಯ. ಆ ಮೂರು ದಿನವೂ ಅಲ್ಲಿ ಪಾಠವಿಲ್ಲ. ಮಂಗಳವಾರ ನಾನು ಶಾಲೆಗೆ ಹಾಜರಾಗಬೇಕಿತ್ತು.

ಸಿಟ್ಟು ತಡೆಯಲಾಗಲಿಲ್ಲ. "ಆಚಾರ್ರ, ಪಾಳಿಗೆ ವ್ಯಾಕರಣನೇ ಇಲ್ಲ ಅಂದಿದ್ರಿ. ಹಂಗಾದ್ರ ಇದಕ್ಕೆಲ್ಲೀ ತ್ರಯೋದಶಿ? ಓದ್ತೇನಿ, ಕೇಳ್ರಿ."

ಒಳಗೆ ಕಾಕು ಪಾತ್ರೆ ತಿಕ್ಕುವುದು ನಿಂತಿತು.

"ಅಂದಿದ್ದೆ, ಖರೆ" ಎಂದರು ಆಚಾರ್ಯರು. "ಆದ್ರ ಇವತ್ತ ಓದಬ್ಯಾಡ, ಶ್ರೀಪಾದಾ. ಬಿದಿಗಿ ದಿನ ಬಾ. ಮೊದಲಿಂದ ಓದು, ಪೂರ್ತಿ ಕೇಳ್ತೇನಿ."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ವ್ಯಾಕರಣವಲ್ಲದ್ದಾಗಿದ್ದರೆ ಅಂದೇ ಓದಿಸಿಬಿಡುತ್ತಿದ್ದರಲ್ಲ! ಕಟ್ಟನ್ನು ಕಟ್ಟಿ ಅವರ ಕಾಲಿಗೆ ಬಿದ್ದೆ.

ಸೋಮವಾರ ಮುಂಜಾನೆ ತಿರುಗಿ ಹೊರಟ ಬಸ್ಸಿನಲ್ಲಿ ಅದೇ ವ್ಯಾಪಾರಿ, ತೊಡೆಯ ಮೇಲೆ ಸೀರೆಗಳ ಗಂಟು ಇಟ್ಟುಕೊಂಡು ಕೂತಿದ್ದ. "ತೀರ್ಪು ಏನಾತ್ರಿ?"

"ತಾರೀಖು ಮುಂದ ಹಾಕ್ಯಾರ್ರಿ."

ಅವನು ನನ್ನ ಮುಖವನ್ನೇ ನೋಡಿದ. "ಅಯ್ಯ, ಮತ್ತ ಗೆದ್ದವರಂಗ ನಗಾಕತ್ತೀರಲ್ರಿ!"