ಅಕ್ಕನಿಗಿಂತ ಮೊದಲು ಹೊರಟ ಚೀಲ

ನಿನ್ನೆ ಗುರುವಾರ ಮಧ್ಯಾಹ್ನ ನಮ್ಮಕ್ಕ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿದ್ದಳಂತೆ. ಬೆಂಗಳೂರು ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂತಿದ್ದಳಂತೆ.

ಫೋನ್ ಮಾಡಿ ಹೇಳಿದವಳು ನನ್ನ ಸಹೋದ್ಯೋಗಿ ಸುಧಾ. ನಮ್ಮ ಕಾಲೇಜಿನಲ್ಲಿ ಗಣಿತ ಪಾಠ ಮಾಡುವವಳು, ಇಲ್ಲದ್ದನ್ನು ಹುಟ್ಟಿಸಿ ಹೇಳುವ ಪೈಕಿ ಅಲ್ಲ. "ಏನೇ, ಅಕ್ಕನ್ನ ಒಬ್ರನ್ನೇ ಕಳಿಸ್ಬಿಟ್ಟಿದೀಯಾ? ಕೂಗ್ದೆ. ತಿರುಗಿ ನೋಡಿದ್ರು, ಮಾತಾಡ್ಲಿಲ್ಲ. ನಗ್ತಾ ಕೂತಿದ್ರು ಕಣೆ" ಎಂದಳು.

ನಾನು ಫೋನ್ ಹಿಡಿದೇ ಅಡುಗೆಮನೆ ಕಡೆ ತಿರುಗಿ ನೋಡಿದೆ. ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ಅವಳ ಮುಖದಲ್ಲಿ ನಗುವಿನ ಸುಳಿವಿರಲಿಲ್ಲ.

"ಬೇರೆ ಯಾರೋ ಇರ್ಬೇಕು" ಎಂದೆ.

"ನಿಮ್ಮಕ್ಕ ನನಗೆ ಗೊತ್ತಾಗಲ್ವಾ? ಗಿಳಿಹಸಿರು ಸೀರೆ, ಮೆರೂನ್ ಅಂಚು" ಎಂದಳು ಸುಧಾ.

ಸೀರೆಯ ಮಾತು ಬಂದಾಗ ನಾನು ಫೋನ್ ಕಟ್ ಮಾಡಿಬಿಟ್ಟೆ. ಯಾಕೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಸ್ವಲ್ಪ ಹಿಂದಕ್ಕೆ ಬರಬೇಕು.

ನಾನಿರುವುದು ಹೊಳೆನರಸೀಪುರದಲ್ಲಿ (ಇದು ನಿಮಗೆ ಗೊತ್ತು, ಈ ಅಂಕಣದಲ್ಲಿ ವಾರವಾರವೂ ಹೇಳಿ ತಲೆ ತಿಂದಿದ್ದೇನೆ). ಅಕ್ಕನನ್ನು ಕೊಟ್ಟಿರುವುದು ಅರಕಲಗೂಡಿಗೆ. ಭಾವ ಪಾರ್ಶ್ವವಾಯು ಹೊಡೆದು ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗ ಅಕ್ಕ ಮೈದುನನ ಸಂಸಾರದ ಜೊತೆಗಿದ್ದಾಳೆ. ಅವರು ಕೆಟ್ಟವರಲ್ಲ. ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆಯುತ್ತಾರೆ (ಅಡುಗೆ ಮಾಡಿರುವವಳು ಅವಳೇ). ನಿಮಗೇನು ಬೇಕು ಅತ್ತಿಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದಳೋ. ಈ ಎರಡು ವರ್ಷದಲ್ಲಿ ನಾನೇ ಎಷ್ಟೋ ಸಲ ಕೇಳಿದ್ದೇನೆ. "ನಂಗೇನ್ ಬೇಕು ಬುಡು" ಎಂಬುದೊಂದೇ ಉತ್ತರ.

ಅಂಥವಳು ಹೋದ ತಿಂಗಳು ನಮ್ಮ ಮನೆಗೆ ಬಂದಾಗ ನನ್ನ ಮೊಬೈಲಿನಲ್ಲಿ ಜೈಸಲ್ಮೇರಿನ ವಿಡಿಯೋ ನೋಡಿದಳು. ಹಳದಿ ಕೋಟೆ, ಊರಾಚೆ ಮರಳಿನ ದಿಬ್ಬಗಳು. "ಇಷ್ಟೊಂದು ಮರಳ್ನ ಯಾರೂ ಎತ್ಕಂಡ್ ಓಗ್ದೆ ಅಂಗೇ ಬುಟ್ಟವ್ರಾ?" ಎಂದಳು. ನಾವಿಬ್ಬರೂ ಹೇಮಾವತಿ ದಂಡೆಯ ಮರಳಿನಲ್ಲಿ ಆಡಿ ಬೆಳೆದವರು. ಆ ಮರಳು ಲಾರಿ ಹತ್ತಿ ಯಾವ ಕಾಲವಾಯಿತೋ. ವಿಡಿಯೋವನ್ನು ಇನ್ನೊಂದು ಸಲ ಹಾಕಿಸಿಕೊಂಡು ನೋಡಿ, "ಒಂದ್ಸಲ ನೋಡ್ಬೇಕು ಕಣೆ" ಎಂದಳು.

ನೋಡಬೇಕು. ಅವಳ ಬಾಯಲ್ಲಿ 'ಬೇಕು' ಬಂದಿತ್ತು. ನಾನು ಬಿಡುತ್ತೇನೆಯೇ? ಕೂತಲ್ಲೇ ಪ್ಲಾನ್ ಶುರು ಮಾಡಿದೆ. ಶುಕ್ರವಾರ ಹೊರಡುವುದು, ಬೆಂಗಳೂರಿನಿಂದ ವಿಮಾನ, ಶನಿವಾರ ಕೋಟೆ, ಸಂಜೆ ಮರಳು, ಭಾನುವಾರ ವಾಪಸ್. ಮೈದುನನಿಗೆ ನಾನೇ ಫೋನ್ ಮಾಡಿದೆ. ಪಾಪ, ಅಡ್ಡಿ ಮಾಡಲಿಲ್ಲ. "ಧಾರಾಳವಾಗಿ ಓಗ್ಬರ್ಲಿ. ಸೋಮವಾರ ತಿಂಡಿ ಒತ್ಗೆ ಬಂದ್ಬುಟ್ರೆ ಆಯ್ತು" ಎಂದರು.

ಈಗಿನ ಪ್ಲಾನಿಂಗ್ ಅಂದರೆ ಗೊತ್ತಲ್ಲ. ಯಾವ ಹೋಟೆಲಿನ ಯಾವ ರೂಮಿನ ಕಿಟಕಿಯಿಂದ ಕೋಟೆ ಕಾಣುತ್ತದೆ, ಯಾವ ದಿಬ್ಬದಲ್ಲಿ ಜನ ಕಡಿಮೆ, ಯಾವ ಗಲ್ಲಿಯಲ್ಲಿ ಟೀ ಚೆನ್ನಾಗಿದೆ, ಎಲ್ಲವನ್ನೂ ನೋಡಿ ಮುಗಿಸಿದೆವು. ಅಕ್ಕ ಮ್ಯಾಪಿನ ಮೇಲೆ ಬೆರಳಿಟ್ಟು ಗಲ್ಲಿ ಗಲ್ಲಿ ಸುತ್ತಿದಳು. ಅರಕಲಗೂಡಿಗೆ ಹೋದ ಮೇಲೂ ಫೋನ್ ಮಾಡಿ, "ಆ ಕಮಾನ್ ದಾಟಿ ಎಡಕ್ಕೆ ಓದ್ರೆ ಒಂದ್ ಬಾವಿ ಅದೆ ಕಣೆ" ಎನ್ನುತ್ತಿದ್ದಳು. ನಾನು ಎಷ್ಟು ಹುಡುಕಿದರೂ ಮ್ಯಾಪಿನಲ್ಲಿ ಬಾವಿ ಸಿಗಲಿಲ್ಲ. ನನಗೆ ಮ್ಯಾಪ್ ನೋಡಲು ಬರುವುದಿಲ್ಲ ಎಂದುಕೊಂಡು ಸುಮ್ಮನಾದೆ.

ಬುಧವಾರ ಅಕ್ಕ ಬಂದಿಳಿದಳು. ಬಂದವಳೇ ತಗಾದೆ ತೆಗೆದಳು. ಶುಕ್ರವಾರ ಪಡುವಣಕ್ಕೆ ಶೂಲೆ, ಆ ದಿಕ್ಕಿಗೆ ಹೊರಡಬಾರದು.

"ಬೆಂಗಳೂರು ಇರೋದು ಮೂಡಣಕ್ಕೆ ಅಕ್ಕ" ಎಂದೆ.

"ಕೊನೇಗೆ ಸೇರೋದ್ ಎಲ್ಗೆ?"

ಇದಕ್ಕೆ ಉತ್ತರ ನಮ್ಮ ಹಿರಿಯರ ಬಳಿ ಇತ್ತು. ಹೊರಡುವ ದಿನ ಕೂಡಿಬರದಿದ್ದರೆ, ಮೊದಲೇ ಒಂದು ಒಳ್ಳೆಯ ಹೊತ್ತು ನೋಡಿ, ಚೀಲದಲ್ಲಿ ಬಟ್ಟೆ ಇಟ್ಟು ಬೇರೆ ಮನೆಯಲ್ಲಿ ಇರಿಸಿಬಿಡುವುದು. ಚೀಲ ಹೊಸ್ತಿಲು ದಾಟಿದರೆ ನಾವು ಹೊರಟ ಲೆಕ್ಕ. ಆಮೇಲೆ ಯಾವ ದಿನ ಬೇಕಾದರೂ ಹೋಗಿ ಚೀಲವನ್ನು ಕೂಡಿಕೊಳ್ಳಬಹುದು. ದೇವರಿಗೇ ಟೋಪಿ ಹಾಕುವ ಎಂಥ ಚಂದದ ಉಪಾಯ ಅಂತ ನಾನು ನಕ್ಕಿದ್ದೆ.

ಗುರುವಾರ ಬೆಳಿಗ್ಗೆ ಅಕ್ಕ ಬಟ್ಟೆಯ ಚೀಲದಲ್ಲಿ ತನ್ನ ಗಿಳಿಹಸಿರು ಸೀರೆ, ಒಂದು ಹಿಡಿ ಅಕ್ಕಿ, ಎರಡು ಅಡಿಕೆ ಇಟ್ಟು ಎದುರು ಮನೆಯ ಪದ್ಮಮ್ಮನವರ ಕೈಗೆ ಕೊಟ್ಟಳು. ಮರಳುಗಾಡಿಗೆಂದೇ ತೆಗೆದಿರಿಸಿದ್ದ ಸೀರೆ ಅದು. ನಿನ್ನದೂ ಒಂದು ಬಟ್ಟೆ ಕೊಡು ಎಂದಳು. ನಾನು ಕೊಡಲಿಲ್ಲ. ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಇಲ್ಲ ನೋಡಿ.

ಅದಾದ ಮೇಲೆ ಅಕ್ಕ ಪ್ರವಾಸದ ಮಾತೇ ಎತ್ತಲಿಲ್ಲ. ಮ್ಯಾಪ್ ತೋರಿಸಿದರೆ ಮುಖ ತಿರುಗಿಸಿ ಅವರೆಕಾಳಿನ ಪಾತ್ರೆ ಎಳೆದುಕೊಂಡಳು. ಸುಧಾಳ ಫೋನ್ ಬಂದದ್ದು ಆಗ.

ನಾನು ಎದುರು ಮನೆಗೆ ಓಡಿದೆ. ಚೀಲ ಜಗಲಿಯ ಬೆಂಚಿನ ಮೇಲೇ ಇತ್ತು. ಬಿಚ್ಚಿ ನೋಡಿದೆ. ಸೀರೆಯ ಮಡಿಕೆ ಕೂಡ ಕದಲಿರಲಿಲ್ಲ. "ಬೆಳಿಗ್ಗೆಯಿಂದ ಯಾರೂ ಮುಟ್ಟಿಲ್ಲ ಮೇಡಂ" ಎಂದರು ಪದ್ಮಮ್ಮ. ನಾನು ಚೀಲ ಎತ್ತಿಕೊಂಡು ಮನೆ ಕಡೆ ತಿರುಗಿದೆ. ಅವರು ಅಡ್ಡ ಬಂದರು. "ಹೋಗಿ ಬರೋಗಂಟ ಅದನ್ನ ಒಳಗೆ ತರ್ಬಾರ್ದು. ಹೊರಟೋರು ಯಾವ ಮನೆಗೆ ಬರ್ಬೇಕು ಹೇಳಿ?"

ಚೀಲವನ್ನು ಬೆಂಚಿನ ಮೇಲೆ ಇಟ್ಟು ಬಂದೆ. ತಮಾಷೆಯೆಂಬಂತೆ ಅಕ್ಕನಿಗೆ ಸುಧಾ ಹೇಳಿದ್ದನ್ನು ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಳು ಹಿಸುಕುತ್ತಲೇ, "ಓಗಿರ್ಬೇಕು ಬುಡು" ಎಂದಳು.

ಇವತ್ತು ಬೆಳಿಗ್ಗೆ ನಾನು ರೆಡಿಯಾಗಿ ನೋಡಿದರೆ, ಅಕ್ಕ ಹಳೆ ಸೀರೆಯಲ್ಲೇ ಕೂತಿದ್ದಳು.

"ನಾನ್ ಬರಕಿಲ್ಲ ಕಣೆ. ನಾನ್ ಓಗಾಯ್ತಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದೆ. ಅವಳು ನನ್ನನ್ನೇ ನೋಡುತ್ತಾ, "ಸಂಜೆ ಒತ್ತು ಮರಳು ಸ್ಯಾನೆ ತಣ್ಗಾಯ್ತದೆ. ಕಾಲು ಊತ್ಕಂಡ್ ಕೂತ್ರೆ ಏಳಕ್ಕೇ ಮನ್ಸ್ ಬರಕಿಲ್ಲ" ಎಂದಳು. ವಿಡಿಯೋದಲ್ಲಿ ಮರಳು ಕಾಣುತ್ತದೆ, ಸರಿ. ತಣ್ಣಗಿರುವುದು ಹೇಗೆ ಗೊತ್ತಾಗುತ್ತದೆ?

"ನೀನು ಅಲ್ಲಿದ್ರೆ, ಇಲ್ಲಿ ಕೂತಿರೋದು ಯಾರು?" ಎಂದೆ.

"ಇವ್ಳಾ? ಸೋಮವಾರ ತಿಂಡಿ ಮಾಡೋಳು."

ಇಷ್ಟು ಹೇಳಿ ನನ್ನ ಬ್ಯಾಗನ್ನು ಬಾಗಿಲ ತನಕ ತಾನೇ ತಂದಿಟ್ಟಳು. "ನೀನ್ ಓಗಿ ಕರ್ಕಂಡ್ ಬಾ. ಒಬ್ಳೇ ಅವ್ಳೆ ಅಲ್ಲಿ" ಎಂದಳು.

ಬಸ್ ಸ್ಟ್ಯಾಂಡಿನವರೆಗೆ ಇಬ್ಬರೂ ಒಟ್ಟಿಗೇ ನಡೆದೆವು. ಅವಳು ಅರಕಲಗೂಡಿನ ಬಸ್ ಹತ್ತಿದಳು. ಅವಳ ಬಸ್ ಹಳ್ಳಿಮೈಸೂರಿನ ಕಡೆ ತಿರುಗುವವರೆಗೂ ನಾನು ಕೈ ಬೀಸುತ್ತಿದ್ದೆ. ಅವಳು ನನ್ನನ್ನು ನೋಡಿದಳು. ಗುರುತು ಸಿಕ್ಕವರ ನೋಟವಾಗಿರಲಿಲ್ಲ ಅದು.

ಇದನ್ನು ಬೆಂಗಳೂರು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಒತ್ತುತ್ತಿದ್ದೇನೆ. ಪದ್ಮಮ್ಮನವರ ಜಗಲಿಯಿಂದ ಎತ್ತಿಕೊಂಡು ಬಂದ ಅಕ್ಕನ ಚೀಲ ತೊಡೆಯ ಮೇಲಿದೆ. ಸುಧಾಳಿಗೆ ಕನ್ನಡಕ ಬದಲಾಯಿಸು ಎಂದು ಮೆಸೇಜ್ ಹಾಕಿದ್ದೇನೆ. ಅಕ್ಕನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು ಎಂದೂ ಅಂದುಕೊಂಡಿದ್ದೇನೆ. ಈ ಬುದ್ಧಿವಂತಿಕೆಯೆಲ್ಲ ನನ್ನಲ್ಲಿದೆ. ಆದರೂ ಪಕ್ಕದ ಸೀಟು ಖಾಲಿಯಿರುವುದನ್ನು ನೋಡಿ ಕೂರಲು ಬಂದವರಿಗೆ, ಜನ ಇದ್ದಾರೆ ಎಂದುಬಿಟ್ಟೆ.

ಭಯಕ್ಕಿಂತ ಹೆಚ್ಚಾಗಿ ನನಗೆ ಸಂಕಟವಾಗುತ್ತಿದೆ. ಬದುಕಬೇಕಾದವಳನ್ನು ಎಲ್ಲಿಗೋ ಕಳಿಸಿ, ಕೆಲಸ ಮಾಡುವವಳನ್ನಷ್ಟೇ ಮನೆಯಲ್ಲಿ ಉಳಿಸಿಕೊಂಡ ಹೆಂಗಸರು ನಮ್ಮ ಸುತ್ತ ಎಷ್ಟು ಜನ ಇದ್ದಾರೋ. ಅವರು ಬಡಿಸುತ್ತಾರೆ, ನಾವು ಉಣ್ಣುತ್ತೇವೆ. ಬಡಿಸುತ್ತಿರುವುದು ಯಾರು ಎಂದು ತಲೆಯೆತ್ತಿ ನೋಡಿದ್ದೇವೆಯೇ?

ನಾಳೆ ಸಂಜೆ ಮರಳಿನ ದಿಬ್ಬ ಹತ್ತುತ್ತೇನೆ. ಅಲ್ಲಿ ಯಾರೂ ಇಲ್ಲದಿದ್ದರೆ ಸರಿಯೇ ಸರಿ, ಬಂದು ಸುಧಾಳನ್ನು ಗೇಲಿ ಮಾಡುತ್ತೇನೆ. ಅಕ್ಕ ನಿಜವಾಗಿಯೂ ಸಿಕ್ಕಿಬಿಟ್ಟರೆ, ಮನೆಗೆ ಬಾ ಎಂದು ಕರೆಯಲು ನನಗೆ ಬಾಯಿ ಬರುತ್ತದೆಯೇ?