ನಾಯಿಮರಿ ನೋಡಲು ಹೋಗಿ ನಾನು ಪಾಸಾದದ್ದು

ಪೀಣ್ಯದ ಕಾರ್ಖಾನೆಯೊಂದರಲ್ಲಿ, ಬಂದ ಮಾಲನ್ನು ಪರೀಕ್ಷಿಸಿ ‘ರಿಜೆಕ್ಟ್’ ಚೀಟಿ ಅಂಟಿಸೋದು ನನ್ನ ಕೆಲಸ. ಮಗಳು ಟೆರಿಯರ್ ನಾಯಿಮರಿ ಬೇಕು ಅಂದಾಗ ಅದೇ ಗತ್ತಿನಲ್ಲಿ ಹತ್ತಿರದ ಮಾಕಳಿ ಊರಿಗೆ ಹೋದೆ. ಮರಿ ಮಾರುವ ಗೌರಕ್ಕನ ಅಂಗಳದಲ್ಲಿ ಕೂತು ಒಂದೊಂದರ ಕಿವಿ, ಹಲ್ಲು, ಬಾಲ ನೋಡಿ ಹಾಳೆಯಲ್ಲಿ ಟಿಕ್ ಹಾಕಿದೆ. ಒಂದು ಮರಿ ಆ ಹಾಳೆಯನ್ನೇ ಕಿತ್ಕೊಂಡು ಓಡಿತು.

“ಅದನ್ನೇ ಕೊಡಿ ಅಕ್ಕ,” ಅಂದೆ.

“ತಾಳಿ ಸಾರ್, ನಿಮ್ಮನ್ನ ನಾನಿನ್ನೂ ನೋಡಿಲ್ವಲ್ಲ! ಮನೇಲಿ ಎಷ್ಟೊತ್ತು ಇರ್ತೀರ?”

“ಓವರ್‌ಟೈಮ್ ಇದ್ರೆ ಮನೆ ಸೇರೋದೇ ಒಂಬತ್ತಕ್ಕೆ.”

“ಇದು ಸುಮ್ನೆ ಕೂರೋ ಜಾತಿ ಅಲ್ಲ. ಒಂದ್ವಾರ ದಿನಾ ಸಾಯಂಕಾಲ ಬಂದು ಇದ್ರ ಜೊತೆ ಆಡಿ. ಆಮೇಲೆ ನೋಡಾಣ.”

ಮನೆಯಲ್ಲಿ ಮಗಳು ಆಗಲೇ ಮರಿಗೆ ಹೆಸರಿಟ್ಟಾಗಿತ್ತು, ಬೇರೆ ದಾರಿ ಇರಲಿಲ್ಲ. ಓವರ್‌ಟೈಮ್ ಬಿಟ್ಟು ಏಳು ಸಂಜೆ ಹೋದೆ. ‘ಕೂತ್ಕೋ’ ಅಂತ ಕಲಿಸಲು ನಾನೇ ಕೂತು ಕೂತು ತೋರಿಸಿದೆ. ಮರಿ ನಿಂತುಕೊಂಡೇ ನನ್ನ ಶೂ ಲೇಸು ಕಡಿಯಿತು.

ಕೊನೆಯ ದಿನ ಹೆಂಡತಿಯೂ ಬಂದಳು. ಗೌರಕ್ಕ ನನ್ನ ಕಡೆ ಕೈ ತೋರಿಸಿ ಅವಳಿಗೆ ಹೇಳಿದರು: “ಪರ್ವಾಗಿಲ್ಲ ಕಣಮ್ಮ, ಏಳೇ ದಿನಕ್ಕೆ ಪಳಗವ್ರೆ. ಕರ್ಕೊಂಡೋಗು.”

ನಾಯಿಬೆಲ್ಟು ಹಿಡಿದಿದ್ದ ಹೆಂಡತಿ, ಯಾರಿಗೆ ಹಾಕಲಿ ಅನ್ನೋ ಹಾಗೆ ಮರಿಯನ್ನೂ ನನ್ನನ್ನೂ ನೋಡಿದಳು.