ದೇಜಪ್ಪಣ್ಣ ಮ್ಯೂಸಿಯಂ ತುಂಬಿಸಿದ್ದು

ಮುಂಬಯಿ ಕಡೆಯ ಕಲ್ಯಾಣದಾಚೆಯ ಸಣ್ಣ ಊರೊಂದರ ಮ್ಯೂಸಿಯಮ್ಮಿನಲ್ಲಿ ನಮ್ಮ ದೇಜಪ್ಪಣ್ಣ ಮೇಜು ಕ್ಲೀನ್ ಮಾಡಿಬಿಟ್ಟರು. ಹಳೆಯ ವಾಡೆಯ ಎರಡೇ ಕೋಣೆ. ಅಲ್ಲೊಂದು ಮೇಜಿನ ಮೇಲೆ ಊರಿನ ಹಿಂದಿನ ಸಿರಿವಂತರ ತಟ್ಟೆ, ಹಿತ್ತಾಳೆ ಲೋಟಗಳನ್ನು ಜೋಡಿಸಿಟ್ಟಿದ್ದರು. ದೇಜಪ್ಪಣ್ಣನೋ, ಡೊಂಬಿವಲಿಯ ಉಡುಪಿ ಹೋಟೆಲಿಗೆ ಮಾಣಿಯಾಗಿ ಸೇರಿ ಮ್ಯಾನೇಜರಾಗಿ ನಿವೃತ್ತರಾದವರು. ಗೋಡೆಯ ನಕಾಶೆ ನೋಡುತ್ತಿದ್ದಂತೆಯೇ ಅವರ ಬೆರಳುಗಳು ಲೋಟಗಳೊಳಗೆ ಇಳಿದವು, ತಟ್ಟೆಗಳು ತೋಳಿನ ಮೇಲೇರಿದವು, ಕಾಲು ಹಿತ್ತಿಲಿಗೆ ಹೊರಟಿತು.

“ಏನ್ರೀ ಯಜಮಾನ್ರ, ಎಲ್ಲಿಗ್ ಒಯ್ಯಾಕತ್ತೀರಿ?” ಎಂದರು ಉಸ್ತುವಾರಿಯ ವಿಮಲಾ. ತವರು ವಿಜಯಪುರ, ಕೊಟ್ಟದ್ದು ಈ ಊರಿಗೆ.

“ತೊಳೀಲಿಕ್ಕೆ,” ಎಂದ ಮೇಲೆ ದೇಜಪ್ಪಣ್ಣ ಕಿವಿಯವರೆಗೂ ಕೆಂಪಾದರು.

ಬೇರೆಯವರಾದರೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಇವರು ಪ್ರತಿ ಭಾನುವಾರ ಹೋಗತೊಡಗಿದರು, ಪಕ್ಕದ ಫ್ಲ್ಯಾಟಿನ ನನ್ನನ್ನೂ ಎಳೆದುಕೊಂಡು. ನಾನು ಕಾನ್ವೆಂಟಿನಲ್ಲಿ ಕಲಿತ ಚರಿತ್ರೆಯಲ್ಲಿ ಬರೀ ಪಾತ್ರಗಳಿದ್ದವು. ದೇಜಪ್ಪಣ್ಣನ ಚರಿತ್ರೆಯಲ್ಲಿ ಪಾತ್ರೆಗಳು. ಒಂದು ಕೊಪ್ಪರಿಗೆಯ ಮುಂದೆ ಅವರು ದೇವರ ಮುಂದೆ ನಿಂತಂತೆ ನಿಲ್ಲುತ್ತಿದ್ದರು.

ಒಂದು ವಾರ ವಿಮಲಾರ ಮುಖ ಬಾಡಿತ್ತು. “ಮಂದೀನ ಬರೂದಿಲ್ರೀ ಅಣ್ಣಾರ. ಮುಂದಿನ ಐತ್ವಾರ ಟ್ರಸ್ಟಿನವ್ರು ನೋಡಾಕ ಬರ್ತಾರ. ಹಿಂಗ ಖಾಲಿ ಇದ್ರ ಬೀಗ ಹಾಕ್ತಾರಂತ.”

“ಖಾಲಿ ಹೋಟೆಲಿಗೆ ಯಾರು ಬರ್ತಾರೆ ವಿಮಲಕ್ಕ? ಮೊದಲಿನ ಗಿರಾಕಿಯನ್ನು ರಸ್ತೆಗೆ ಕಾಣುವ ಮೇಜಿಗೆ ಕೂರಿಸ್ಬೇಕು. ಮೂಲೆಗೆ ಕೂರಿಸಿದ್ರೆ ಅವತ್ತಿನ ವ್ಯಾಪಾರ ಮುಗೀತು.”

ಮುಂದಿನ ಭಾನುವಾರ ನಮ್ಮ ಹೌಸಿಂಗ್ ಸೊಸೈಟಿಯ ಆರೇಳು ಜನರನ್ನು ಲೋಕಲ್ ರೈಲಿಗೆ ಹತ್ತಿಸಿದರು. ವಿಮಲಾರನ್ನು ಒಪ್ಪಿಸಿ ಕೊಪ್ಪರಿಗೆಯನ್ನು ಬಾಗಿಲ ಹತ್ತಿರದ ಕಿಟಕಿಗೆ ತರಿಸಿದ್ದರು. ನಮಗೆ ಅದರಿಂದಾಚೆ ಪ್ರವೇಶವಿಲ್ಲ.

“ಒಳಗೆ ಹೋಗ್ಬೇಡಿ ಮಾರಾಯ್ರೆ. ಇಲ್ಲೇ ಬಗ್ಗಿ ನೋಡಿ. ಒಳಗೆ ಎಂತದೋ ಉಂಟು ಅಂತ ರಸ್ತೆಯವರಿಗೆ ಕಾಣ್ಬೇಕು.”

ಬಗ್ಗಿದೆವು. ನಮ್ಮ ಬೆನ್ನುಗಳನ್ನು ಕಂಡು ಭಾಜಿ-ತರಕಾರಿ ಕೊಳ್ಳಲು ಹೊರಟಿದ್ದ ಹೆಂಗಸೊಬ್ಬಳು ಇಣುಕಿದಳು, ಹಿಂದೆಯೇ ರಿಕ್ಷಾದವನು, ಆಮೇಲೆ ಸಂಸಾರ ಸಂಸಾರವೇ. ಹೊಸ್ತಿಲಲ್ಲಿ ದೇಜಪ್ಪಣ್ಣ, “ಆಯಿಯೇ, ಅಂದರ್ ಜಗಾ ಹೈ.” ಟ್ರಸ್ಟಿನವರು ಬಂದಾಗ ಒಳಗೆ ಕಾಲಿಡಲೂ ಜಗಾ ಇರಲಿಲ್ಲ, ಅವರನ್ನೂ ಹೊರಗೆ ಕಾಯಿಸಿದರು. ಬೀಗದ ಮಾತು ಅಲ್ಲಿಗೇ ನಿಂತಿತು.

ನಾವು ಹೊರಟಾಗ ವಿಮಲಾ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು, “ಮುಂದಿನ ಐತ್ವಾರನೂ ಬರ್ತೀರಲ್ರೀ ಅಣ್ಣಾರ?”

ದೇಜಪ್ಪಣ್ಣ ತುಂಬಿದ ಕೋಣೆಯನ್ನೊಮ್ಮೆ ನೋಡಿದರು.

“ಇಲ್ಲಕ್ಕ. ಖಾಲಿ ಉಂಟೂಂತಲೇ ನಾನು ಬರ್ತಿದ್ದದ್ದು.”